ಯಾರ ಗುಲಾಬಿ?

ನನ್ನ ಮೈದುನ ಎಲಿಹಿಯೊ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಮುಂದೆ ಹೇಳುವ ಮನಸ್ಸು ಇರುವುದಿಲ್ಲ. ಕುಡಿಯುವುದಿಲ್ಲ, ಹೆಂಡತಿಯ ಮೇಲೆ ಕೈ ಮಾಡಿದವನಲ್ಲ, ಅವಳು ಸತ್ತ ಮೇಲೆ ಇನ್ನೊಬ್ಬಳ ಬಾಗಿಲು ತಟ್ಟಿದವನೂ ಅಲ್ಲ. ಇಪ್ಪತ್ತೆರಡು ವರ್ಷ ಕೆಳಗಿನ ಬಯಲಿನ ಪಾಲಿಹೌಸ್‌ಗಳಲ್ಲಿ ಮಾರಾಟದ ಗುಲಾಬಿ ಬೆಳೆಸಿ, ಬೆನ್ನು ಬಗ್ಗಿದ ಮೇಲೆ ನಮ್ಮ ಸಾನ್ ಗ್ರೆಗೋರಿಯೊಗೆ ವಾಪಸು ಬಂದ. ಬರುವಾಗ ಒಂದು ಕೆಂಪು ಹಿಡಿಯ ಕತ್ತರಿ ತಂದ. ಆ ಕತ್ತರಿ ದಾರಿಯಲ್ಲೇ ಬಸ್ಸಿನಿಂದ ಬಿದ್ದು ಹೋಗಬಾರದಿತ್ತೇ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ.

ಈ ಫೆಬ್ರವರಿಯ ಮೊದಲ ವಾರ ನಾನು ಊರಲ್ಲಿರಲಿಲ್ಲ. ಪುಯೆಬ್ಲಾ ನಗರದಲ್ಲಿರುವ ನನ್ನ ಅಕ್ಕ ಕಸಿಲ್ದಾಳಿಗೆ ಪಿತ್ತಕೋಶದ ಆಪರೇಷನ್ ಆಗಿತ್ತು. ಎಂಟು ದಿನ ಅವಳಿಗೆ ಗಂಜಿ ಕುಡಿಸಿ, ಒಂಬತ್ತನೆಯ ದಿನ ಮಧ್ಯಾಹ್ನ ಬಸ್ಸಿಳಿದು ನಮ್ಮ ಬೀದಿಗೆ ತಿರುಗಿದೆ. ತಿರುಗಿದವಳಿಗೆ ನಮ್ಮ ಮನೆಯೇ ಗುರುತು ಸಿಗಲಿಲ್ಲ. ಕಲ್ಲುಗೋಡೆಯ ಮೇಲೆ ಆಳೆತ್ತರ ಎದ್ದು ಬೀದಿಗೆ ಬಗ್ಗುತ್ತಿದ್ದ ನನ್ನ ಗುಲಾಬಿ ಬೇಲಿ ಇರಲೇ ಇಲ್ಲ. ಗೋಡೆಯಾಚೆ ಕೋಳಿಗೂಡು ಕಾಣುತ್ತಿತ್ತು, ಹಗ್ಗದ ಮೇಲೆ ಒಣಗಲು ಹಾಕಿದ ನನ್ನ ಗಂಡ ನಿಕಾನೋರನ ಚಡ್ಡಿ ಕಾಣುತ್ತಿತ್ತು. ಬೇಲಿ ಇದ್ದ ಜಾಗದಲ್ಲಿ ಮೊಳದುದ್ದದ ಬೋಳು ಕಡ್ಡಿಗಳು. ಪ್ರತಿ ಕಡ್ಡಿಯ ತುದಿಗೂ ಸುಣ್ಣ ಬಳಿದಿತ್ತು. ನಡುವೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲಿಹಿಯೊ ನಗುತ್ತಾ ನಿಂತಿದ್ದ.

“ಹೆಂಗಿದೆ ಅತ್ತಿಗೆ?”

“ಏನಿದು?”

“ನಮ್ಮ ಹುಡುಗಿ ಇನೆಸ್‌ಗೆ ಮದುವೆ ಉಡುಗೊರೆ. ಮೂರು ದಿನ ಹಿಡೀತು ನೋಡಿ. ಎಷ್ಟು ವರ್ಷ ಆಗಿತ್ತೋ ಇದಕ್ಕೆ ಕತ್ತರಿ ತಾಗಿ! ಒಳಗೆಲ್ಲ ಬರೀ ಮುದಿ ಕಡ್ಡಿ. ಯೂರಿಯಾನೂ ಕೊಟ್ಟಿದ್ದೀನಿ. ಮದುವೆ ಹೊತ್ತಿಗೆ ಒಂದೊಂದು ಕಡ್ಡೀಲೂ ಇಷ್ಟಿಷ್ಟು ದಪ್ಪ ಹೂ ಬರದೇ ಇದ್ರೆ ನನ್ನ ಹೆಸರು ಬದಲಾಯ್ಸಿ.”

ಮೊದಲು ಕೇಳಬೇಕಾದ್ದನ್ನು ಕೇಳಿದೆ. “ಬುಡದಲ್ಲಿ ಕೆಂಪು ರಿಬ್ಬನ್ ಕಟ್ಟಿದ್ದ ಮರಿ ಎಲ್ಲಿ?”

“ಓ, ಅದಾ! ಬುಡದಲ್ಲಿ ಎದ್ದಿದ್ದ ಮರಿಗಳನ್ನೆಲ್ಲ ಬೇರು ಸಮೇತ ಕಿತ್ತೆ ಅತ್ತಿಗೆ. ಅವೆಲ್ಲ ಕಾಡು ಚಿಗುರು, ತಾಯಿಗಿಡದ ಸತ್ವ ಕುಡಿದುಬಿಡ್ತವೆ. ರಿಬ್ಬನ್ ನೋಡಿ ಅಂದ್ಕೊಂಡೆ, ಅತ್ತಿಗೆಗೂ ಗೊತ್ತಿದೆ, ಕೀಳೋಕೆ ಗುರುತು ಹಾಕಿದ್ದಾರೆ ಅಂತ.”

“ಕಿತ್ತಿದ್ದನ್ನ ಎಲ್ಲಿ ಹಾಕ್ದೆ?”

“ಸುಟ್ಟೆ. ಕಡ್ಡಿ, ಮರಿ, ಎಲ್ಲ. ರೋಗ ಹರಡಬಾರದಲ್ಲ.”

ಕೈಯಲ್ಲಿದ್ದ ಚೀಲ ಬೀಸಿ ಅವನ ಮುಖಕ್ಕೆ ಹೊಡೆದೆ. ಚೀಲದಲ್ಲಿ ಅಕ್ಕ ಕೊಟ್ಟಿದ್ದ ಗೆಣಸಿನ ಮಿಠಾಯಿಯ ಡಬ್ಬವಿತ್ತು. ಅವನ ಹುಬ್ಬು ಒಡೆಯಿತು. ನನಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ಇವತ್ತಿಗೂ ಆಗಿಲ್ಲ.

ನಮ್ಮದು ಕಸ್ತೀಯಾ ಗುಲಾಬಿ. ಮಾರುಕಟ್ಟೆಯಲ್ಲಿ ಸಿಗುವ ಉದ್ದ ಕತ್ತಿನ, ವಾಸನೆಯೇ ಇಲ್ಲದ ಗುಲಾಬಿಯಲ್ಲ. ಸ್ಪೇನಿನ ಪಾದ್ರಿಗಳು ಹಡಗಿನಲ್ಲಿ ತಂದದ್ದಂತೆ. ಅವರು ಹೋದರು, ಇದು ನಮ್ಮ ಅಂಗಳಗಳಲ್ಲಿ ಉಳಿಯಿತು. ವರ್ಷಕ್ಕೆ ಒಂದೇ ಸಲ, ಏಪ್ರಿಲ್‌ನಿಂದ ಮೇ ಕೊನೆಯವರೆಗೆ ಬಿಡುತ್ತದೆ. ಬೆಳಿಗ್ಗೆ ಅರಳಿದ್ದು ಮಧ್ಯಾಹ್ನಕ್ಕೆ ಉದುರುತ್ತದೆ. ಬಿಸಿಲೇರುವ ಮೊದಲು ಕಿತ್ತ ದಳವನ್ನು ಜೇನಲ್ಲಿ ಹಾಕಿಟ್ಟರೆ ಕೂಸುಗಳ ಬಾಯಿಹುಣ್ಣಿಗೆ ಮದ್ದು, ನೀರಲ್ಲಿ ಕುದಿಸಿದರೆ ಕಣ್ಣಿಗೆ ಮದ್ದು. ಇದು ಹೂ ಬಿಡುವುದು ಹೋದ ವರ್ಷದ ಕಡ್ಡಿಯಲ್ಲಿ. ಚಳಿಗಾಲದಲ್ಲಿ ಸವರಿದರೆ ಆ ವರ್ಷ ಎಲೆ ತಿನ್ನಬೇಕು, ಅಷ್ಟೇ. ಪಾಲಿಹೌಸಿನ ಗುಲಾಬಿಯನ್ನು ಕಾಡುಗುಲಾಬಿಯ ಬೇರಿಗೆ ಕಸಿ ಕಟ್ಟಿರುತ್ತಾರೆ, ಹಾಗಾಗಿ ಅದರ ಬುಡದಿಂದ ಎದ್ದದ್ದು ಕಾಡಿನದೇ, ಕೀಳಲೇಬೇಕು. ನಮ್ಮದಕ್ಕೆ ಕಸಿ ಇಲ್ಲ. ಬೇರಿನಿಂದ ಎದ್ದ ಮರಿಯೂ ಕಸ್ತೀಯಾವೇ. ಆ ಮರಿಯೇ ಅದರ ಸಂತಾನ.

ಗುಲಾಬಿಯ ನಡುವೆಯೇ ಬಾಳು ಸವೆಸಿದವನಿಗೆ ಹುಟ್ಟಿದ ಮನೆಯ ಗುಲಾಬಿ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ನಮ್ಮಲ್ಲಿ ಗಂಡಸರು ಅದನ್ನು ಮುಟ್ಟುವುದಿಲ್ಲ, ನಾವು ಅವರಿಗೆ ಹೇಳಿಕೊಡುವುದೂ ಇಲ್ಲ. ಗುಲಾಬಿ ಹೆಣ್ಣಿನ ಆಸ್ತಿ. ಮದುವೆಯಾಗಿ ಹೋಗುವ ಮಗಳು ತಾಯಿಯ ಗಿಡದ ಒಂದು ಮರಿಯನ್ನು ಮಣ್ಣಿನ ಸಮೇತ ತೋಳಲ್ಲಿ ಎತ್ತಿಕೊಂಡು ಹೋಗುತ್ತಾಳೆ. ಗಂಡನ ಮನೆಯ ಬಾಗಿಲಲ್ಲಿ ಅತ್ತೆ ನಿಂತು ಎರಡು ಪ್ರಶ್ನೆ ಕೇಳುತ್ತಾಳೆ. ಯಾರ ಗುಲಾಬಿ? ಈ ವರ್ಷ ಹೂ ಬಿಟ್ಟಿತಾ? ಎರಡೂ ಊರಿನವರ ಎದುರು ಹೆಣ್ಣಿನ ತಾಯಿ ಉತ್ತರ ಹೇಳಬೇಕು. ಹೂ ಬಿಡದ ಗಿಡದ ಮರಿ ನಡೆಯುವುದಿಲ್ಲ. ಉತ್ತರ ಸರಿಯಿದ್ದರೆ ಅತ್ತೆ ದಾರಿ ಬಿಡುತ್ತಾಳೆ.

ಬಿಡದಿದ್ದರೆ ಏನು ಎನ್ನುವಿರಾ? ನನ್ನ ಅಕ್ಕ ಕಸಿಲ್ದಾಳನ್ನು ಕೇಳಿ. ಅವಳ ಮದುವೆಯ ವರ್ಷ ಮಂಜು ಬಿದ್ದು ಮೊಗ್ಗೆಲ್ಲ ಸುಟ್ಟುಹೋಯಿತು, ಅವಳು ಬರಿಗೈಯಲ್ಲಿ ಹೊಸಿಲು ದಾಟಿದಳು. ಅತ್ತೆ ಸಾಯುವತನಕ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ. ‘ಏ ಬರಿಗೈ, ನೀರು ತಾ. ಏ ಬರಿಗೈ, ರೊಟ್ಟಿ ತಟ್ಟು.’ ಅಕ್ಕ ಪಟ್ಟಣ ಸೇರಿದ್ದೇ ಆ ಹೆಸರಿಂದ ತಪ್ಪಿಸಿಕೊಳ್ಳಲು. ನನ್ನ ಇನೆಸ್ ಹೋಗಬೇಕಾಗಿದ್ದ ಮನೆ ಪಕ್ಕದ ಲಾ ಪಾಲ್ಮಾದಲ್ಲಿ. ಹುಡುಗ ಫೌಸ್ತಿನೊ ಬಂಗಾರದಂಥವನು. ಅವನ ತಾಯಿ ದೋನ್ಯಾ ಕ್ಲೆಮೆನ್ಸಿಯಾ ಮಾತ್ರ ನಿಶ್ಚಿತಾರ್ಥದ ದಿನ ನಮ್ಮ ಅಡುಗೆಮನೆಯ ಸೂರಿನ ಮಸಿಯನ್ನು ಬೆರಳಲ್ಲಿ ಮುಟ್ಟಿ ನೋಡಿದವಳು. ಅಂಥವಳ ಕೈಗೆ ನನ್ನ ಮಗಳನ್ನು ಬರಿಗೈಯಲ್ಲಿ ಕೊಡಲಾಗುತ್ತದೆಯೇ? ಅದಕ್ಕೇ ಎರಡು ವರ್ಷದಿಂದ ಆ ಮರಿಗೆ ರಿಬ್ಬನ್ ಕಟ್ಟಿ, ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದೆ.

ಮದುವೆ ಮೇ ತಿಂಗಳ ಎರಡನೇ ಶನಿವಾರ. ಬೇರೆಯವರಿಂದ ಒಂದು ಮರಿ ಕೇಳಿ ಪಡೆಯೋಣ, ಅತ್ತೆಯ ಪ್ರಶ್ನೆಗೆ ಅವರ ಹೆಸರೇ ಹೇಳೋಣ, ಅದಕ್ಕೂ ನಮ್ಮಲ್ಲಿ ದಾರಿಯಿದೆ ಎಂದುಕೊಂಡು ಬೀದಿಗಿಳಿದೆ. ಮೊದಲ ಮನೆಯ ಬೇಲಿ ಬೋಳು. ಎರಡನೆಯದೂ ಬೋಳು. ಸುಣ್ಣ ಬಳಿದ ಕಡ್ಡಿಗಳು ಬೀದಿಯುದ್ದಕ್ಕೂ ಹಲ್ಲು ಕಿರಿದುಕೊಂಡು ನಿಂತಿದ್ದವು.

“ನಿನ್ನ ಮೈದುನನೇ ಬಂದು ಸವರಿಕೊಟ್ಟ ತೊಮಾಸಾ,” ಎಂದಳು ಪಕ್ಕದ ಮನೆಯ ವಿಧವೆ. “ತೊಮಾಸಾ ಮನೇಲೂ ಮಾಡಿದ್ದೀನಿ ಅಂದ. ನಿನ್ನ ಗಿಡಕ್ಕೇ ಮಾಡಿದ್ದಾನೆ ಅಂದ್ರೆ ಒಳ್ಳೇದೇ ಇರ್ಬೇಕು ಅಂತ ನಾವೆಲ್ಲ ಸರಿ ಅಂದ್ವಿ.”

ಕೇಳಿದಿರಾ? ಊರಿಗೆಲ್ಲ ಒಳ್ಳೆಯ ಗುಲಾಬಿ ನನ್ನದು ಎಂಬ ಹೆಸರಿತ್ತು. ಆ ಹೆಸರು ಹೇಳಿಕೊಂಡೇ ಅವನು ಊರಿನ ಗುಲಾಬಿಯನ್ನೆಲ್ಲ ಬೋಳಿಸಿದ. ಏಪ್ರಿಲ್ ಬಂತು. ಯೂರಿಯಾ ಕುಡಿದ ಗಿಡಗಳು ಪಾಲಕ್ ಸೊಪ್ಪಿನಂತೆ ಹಸಿರು ಹಸಿರಾಗಿ ಎದ್ದವು. ಒಂದು ಮೊಗ್ಗಿಲ್ಲ. ಹೆಂಗಸರೆಲ್ಲ ಬೈಯಲು ನನ್ನ ಬಾಗಿಲಿಗೇ ಬಂದರು. ಎಲಿಹಿಯೊ ದಿನಾ ಬೆಳಿಗ್ಗೆ ಬೇಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆಯ ಸಂದಿಯಲ್ಲಿ ಮೊಗ್ಗು ಹುಡುಕುತ್ತಿದ್ದ. ಒಂದು ದಿನ ಅವನೇ ಬಂದು, “ಅತ್ತಿಗೆ, ನಂಗೆ ಗೊತ್ತಿರ್ಲಿಲ್ಲ,” ಎಂದ. “ಗೊತ್ತಿಲ್ಲದೋನು ಕೇಳ್ಬೇಕಿತ್ತು, ಬಾಯಿ ಇರ್ಲಿಲ್ವಾ?” ಎಂದೆ. ಆ ಮಾತನ್ನು ನೆನಪಿಟ್ಟುಕೊಳ್ಳಿ, ನನಗೇ ತಿರುಗಿ ಬೀಳಲಿದೆ.

ಏಪ್ರಿಲ್ ಮೂರನೇ ವಾರ ಇನೆಸ್ ಗಿರಣಿಯಿಂದ ಹಿಟ್ಟಿನ ಬಕೆಟ್ ಹೊತ್ತು ಬಂದಳು. ಬಕೆಟ್ ಇಳಿಸಿ, ಸೆರಗಿನಂತೆ ಹೊದ್ದ ಶಾಲಿನಿಂದ ಒಂದು ಹೂ ತೆಗೆದು ಒಲೆಯ ಕಟ್ಟೆಯ ಮೇಲಿಟ್ಟಳು. ಕಸ್ತೀಯಾ. ಅಡುಗೆಮನೆ ತುಂಬ ಪರಿಮಳ.

“ಎಲ್ಲಿಂದ ಬಂತು?”

“ಬ್ರಿಹಿದಾ ಅಮ್ಮನ ಗೋಡೆಯಿಂದ ಬೀದಿಗೆ ಬಿದ್ದಿತ್ತು. ಅವರ ಮನೇದು ತುಂಬಿ ತುಳುಕ್ತಿದೆ. ಚಿಕ್ಕಪ್ಪ ಕತ್ತರಿ ಹಿಡ್ಕೊಂಡು ಹೋಗಿದ್ರಂತೆ. ‘ತೊಮಾಸಾ ಮನೇಲಿ ಮಾಡಿದ್ದು ನಮ್ಮನೇಲಿ ಬೇಡ, ಹೊರಡು’ ಅಂತ ಬಾಗಿಲು ಹಾಕಿದ್ರಂತೆ.”

ಬ್ರಿಹಿದಾ. ನನ್ನ ಮಗಳನ್ನು ದೀಕ್ಷಾಸ್ನಾನದಲ್ಲಿ ತೋಳಲ್ಲಿ ಎತ್ತಿ ಹಿಡಿದ ಧರ್ಮತಾಯಿ. ಅಲ್ಲಿಗೆ ನಾವಿಬ್ಬರೂ ಕೊಮಾದ್ರೆಗಳು, ಒಡಹುಟ್ಟಿದವರಿಗಿಂತ ಹೆಚ್ಚು. ಇನೆಸ್‌ಗೆ ನಾಲ್ಕು ವರ್ಷವಿದ್ದಾಗ ಅವಳು ನನ್ನ ಬೇಲಿಯ ಬುಡದಿಂದ ಒಂದು ಮರಿ ತೆಗೆದುಕೊಂಡು ಹೋಗಿ ತನ್ನ ಗೋಡೆಗೆ ನೆಟ್ಟುಕೊಂಡಳು. ಬುಡದ ಗುಣಿ ನೋಡಿದೆ, ಅವಳ ಗೋಡೆ ನೋಡಿದೆ, ಸೀದಾ ಗಿರಣಿಗೆ ಹೋಗಿ ಮೂವತ್ತು ಹೆಂಗಸರ ಎದುರು ಕಳ್ಳಿ ಎಂದು ಕೂಗಿದೆ. ಹತ್ತೊಂಬತ್ತು ವರ್ಷ ಅವಳೊಂದಿಗೆ ಮಾತಿಲ್ಲ, ಅವಳ ಬೀದಿಗೆ ಕಾಲಿಟ್ಟಿಲ್ಲ. ಅವಳ ಗಿಡವನ್ನು ಉಳಿಸಿದ್ದು ನನ್ನ ಮೇಲೆ ಅವಳಿಗಿದ್ದ ಸಿಟ್ಟು. ಊರಿನಲ್ಲಿ ಹೂ ಬಿಟ್ಟ ಗಿಡ ಅದೊಂದೇ.

“ಅದು ನಂದೇ ಗಿಡ,” ಎಂದೆ. “ಕೇಳೋದೇನಿದೆ? ಎಲಿಹಿಯೊ ಹೋಗಿ ಒಂದು ಮರಿ ಅಗೆದು ತರ್ಲಿ. ಕಳೆದವನು ಅವನೇ, ತರೋನೂ ಅವನೇ.”

ಎಲಿಹಿಯೊ ಹೋದ. ಅರ್ಧ ಗಂಟೆಗೆ ಬರಿಗೈಯಲ್ಲಿ ಬಂದ, ಟೋಪಿ ಕೈಯಲ್ಲಿ ಹಿಡಿದಿದ್ದ.

“ಏನಂದ್ಲು?”

“‘ನಾನು ಕಳ್ಳಿ ತಾನೇ, ಕಳ್ಳಿ ಮನೆ ಮಾಲು ಮದುವೆಗೆ ಆಗುತ್ತಾ ಅಂತ ಕೇಳು’ ಅಂದ್ರು. ಆಮೇಲೆ, ‘ಬೇಕಾದೋಳು ಹಾಡಹಗಲಲ್ಲಿ ತಾನೇ ಬರಲಿ’ ಅಂದ್ರು.”

“ಅವಳ ಸೊಕ್ಕು ನೋಡು!” ಎಂದು ನಾನು ಕೂಗಿದೆ. “ಬರಿಗೈಲಿ ಹೋದ್ರೂ ಸರಿ, ಅವಳ ಬಾಗಿಲಿಗೆ ಹೋಗಲ್ಲ ನಾನು.”

ಇನೆಸ್ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು. “ಬರಿಗೈಲಿ ಹೋಗೋಳು ನೀನಾ? ನಾನು. ದೊಡ್ಡಮ್ಮನ್ನ ಕರೆದ ಹಾಗೆ ನನ್ನ ಕರೀತಾರೆ, ನಿನ್ನನ್ನಲ್ಲ. ಆ ಮನೆ ನೀರು ಹೊರೋದು ನಾನು. ನಿನ್ನ ಜಗಳ ನನ್ನ ತಲೆ ಮೇಲೆ ಯಾಕಮ್ಮ ಹೊರಿಸ್ತೀಯ?”

ನಿಕಾನೋರ್ ಎಂದೂ ನಮ್ಮ ಮಾತಿನ ನಡುವೆ ಬಾಯಿ ಹಾಕುವವನಲ್ಲ. ಅವತ್ತು ಬೆಂಚಿನ ಮೇಲೆ ಕೂತು ಬೂಟಿನ ಮಣ್ಣು ಕೆರೆಯುತ್ತಲೇ, “ಹೋಗು ತೊಮಾಸಾ,” ಎಂದ. “ನಿನಗೆ ಗೊತ್ತು ಯಾಕೆ ಹೋಗ್ಬೇಕು ಅಂತ.”

ಅವನನ್ನೂ ಬೈದೆ. ಬೈದು ಮುಗಿಸಿ, ಶಾಲು ಹೊದ್ದು ಹೊರಟೆ. ಅವನು ಹೇಳಿದ್ದು ಸರಿಯಿತ್ತು, ಅದೇ ಹೆಚ್ಚು ಉರಿಯುತ್ತಿತ್ತು.

ಯಾಕೆಂದರೆ ಬ್ರಿಹಿದಾ ಕದ್ದಿರಲಿಲ್ಲ. ಅವಳು ಅನಾಥೆ, ಮದುವೆಯಾಗಿ ಬಂದಾಗ ಕೈಯಲ್ಲಿ ಗುಲಾಬಿ ಇರಲಿಲ್ಲ, ಅವಳ ಅತ್ತೆಯೂ ಅವಳನ್ನು ಬರಿಗೈ ಎಂದೇ ಕರೆಯುತ್ತಿದ್ದಳು. ಆ ವರ್ಷ ನನ್ನ ಅಮ್ಮ ನಮ್ಮ ಮನೆಯಲ್ಲೇ ಇದ್ದಳು. ನಾನು ಗಿರಣಿಗೆ ಹೋದ ಹೊತ್ತಲ್ಲಿ ಅಮ್ಮ ತನ್ನ ಕೈಯಾರೆ ಮರಿ ಅಗೆದು ಅವಳಿಗೆ ಕೊಟ್ಟಿದ್ದಳು. ಗಿರಣಿಯಲ್ಲಿ ಬ್ರಿಹಿದಾ, “ನಿಮ್ಮಮ್ಮನ್ನೇ ಕೇಳು,” ಎಂದಳು. ಸುಳ್ಳು ಎಂದು ನಾನು ಕಿರುಚಿದೆ. ಅದೇ ಸಂಜೆ ಅಮ್ಮ ಹೇಳಿದಳು, “ನಾನೇ ಕೊಟ್ಟೆ ಕಣೆ. ನನ್ನ ಗಿಡದ ಮರಿ, ನನಗೆ ಕೊಡೋ ಹಕ್ಕಿಲ್ವಾ? ಹೋಗು, ಅಂದ ಮಾತು ವಾಪಸ್ ತಗೋ.” ನನ್ನ ಅಂಗಳದ ಗಿಡವನ್ನು ನನ್ನನ್ನು ಕೇಳದೆ ಕೊಟ್ಟಳಲ್ಲ ಎಂದು ಅಮ್ಮನ ಮೇಲೂ ಸಿಟ್ಟು ಬಂತು. ನಾಳೆ ಹೋಗುತ್ತೇನೆ ಎಂದೆ. ಮೂವತ್ತು ಹೆಂಗಸರ ಎದುರು ನಾನೇ ಸುಳ್ಳುಗಾತಿ ಎಂದು ಹೇಳಿಕೊಳ್ಳುವ ಆ ನಾಳೆಯನ್ನು ಮುಂದೂಡಿದೆ, ಮುಂದೂಡಿದೆ. ಜೋಳ ಕೊಯ್ಯುವ ಕಾಲಕ್ಕೆ ಅಮ್ಮ ತೀರಿಕೊಂಡಳು. ಆಮೇಲೆ ನನ್ನನ್ನು ಕೇಳುವವರು ಯಾರೂ ಉಳಿಯಲಿಲ್ಲ. ನಿಕಾನೋರ್ ಮಾತ್ರ ಆ ಸಂಜೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದ.

ಬ್ರಿಹಿದಾ ಅಂಗಳದಲ್ಲಿ ರೊಟ್ಟಿಗೆಂದು ಸುಣ್ಣದ ನೀರಲ್ಲಿ ಬೇಯಿಸಿದ ಮೆಕ್ಕೆಜೋಳ ತೊಳೆಯುತ್ತಿದ್ದಳು. ಅವಳ ಹಿಂದೆ ಗೋಡೆ ಪೂರ್ತಿ ಗುಲಾಬಿ. ನನ್ನ ಗಿಡ ಯಾವತ್ತೂ ಅಷ್ಟು ಹೂ ಬಿಟ್ಟಿರಲಿಲ್ಲ, ಹೇಳಲು ನನಗೆ ಸಂಕಟವಾಗುತ್ತದೆ. ಅವಳು ತಲೆಯೆತ್ತಲಿಲ್ಲ.

“ಬ್ರಿಹಿದಾ, ನಿನ್ನ ಗಿಡದ ಒಂದು ಮರಿ ಕೇಳೋಕೆ ಬಂದಿದ್ದೀನಿ.”

“ಯಾರ ಗಿಡ?”

“ನಿಂದು.”

“ನಾನು ಕದ್ದಿದ್ದಲ್ವಾ?”

“ಅಲ್ಲ. ಅಮ್ಮ ಕೊಟ್ಟಿದ್ದು.”

ಅವಳು ಕೈ ನಿಲ್ಲಿಸಿದಳು. ನಾನು ಬೇಡಿಕೊಳ್ಳುತ್ತೇನೆ, ಅವಳು ಬೈಯುತ್ತಾಳೆ, ಅಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತ ನಿಧಾನವಾಗಿ ಎದ್ದಳು.

“ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

“ಯಾವಾಗಿಂದ?”

“ಅವತ್ತು ಸಂಜೆಯಿಂದ.”

ಜೋಳ ತೊಳೆದ ಹಳದಿ ನೀರನ್ನು ಬಕೆಟ್ ಸಮೇತ ಎತ್ತಿ ನನ್ನ ಮೇಲೆ ಎರಚಿದಳು. ಸೊಂಟದಿಂದ ಕೆಳಗೆ ತೊಯ್ದುಹೋದೆ. ನಾನು ಅಲ್ಲಾಡಲಿಲ್ಲ.

“ನಾನಂದ್ಕೊಂಡಿದ್ದೆ ನಿನಗೆ ಗೊತ್ತಿಲ್ಲ ಅಂತ! ನಿಮ್ಮಮ್ಮ ಹೇಳದೇ ಸತ್ತೋದ್ರು, ಪಾಪ ತೊಮಾಸಾ ನಿಜವಾಗ್ಲೂ ನಂಬಿದ್ದಾಳೆ ಅಂದ್ಕೊಂಡಿದ್ದೆ. ಹತ್ತೊಂಬತ್ತು ವರ್ಷ ಕಣೆ! ಗಿರಣೀಲಿ ನಾನು ಪಕ್ಕದಲ್ಲಿ ನಿಂತ್ರೆ ಹೆಂಗಸರು ತಮ್ಮ ಬಕೆಟ್ ಹತ್ರ ಎಳ್ಕೊಳ್ಳೋರು. ನನ್ನ ಮಗಳು ಶಾಲೇಲಿ ಕಳ್ಳಿ ಮಗಳು. ಈ ಗಿಡಕ್ಕೆ ನೀರು ಹಾಕೋವಾಗೆಲ್ಲ ಕಿತ್ತು ಬಿಸಾಕೋಣ ಅನ್ಸೋದು. ಕಿತ್ತರೆ, ‘ನೋಡಿ, ಕದ್ದಿದ್ದಕ್ಕೇ ಕಿತ್ತಳು’ ಅಂತಾರೆ. ಅದಕ್ಕೇ ಇಟ್ಕೊಂಡೆ. ಸಿಟ್ಟಿಗೇ ಬೆಳೆಸಿದೆ ಇದನ್ನ.”

ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ನನ್ನದು. ಮೈದುನನಿಗೆ ಕೇಳಬೇಕಿತ್ತು, ಬಾಯಿ ಇರಲಿಲ್ಲವೇ ಎಂದವಳು ನಾನು.

ಅವಳು ಸಲಿಕೆ ತಂದಳು. ನಾನು ಕೈ ಚಾಚಿದೆ. “ಮುಟ್ಬೇಡ,” ಎಂದು ತಾನೇ ಅಗೆದಳು. ಹಲ್ಲು ಕಚ್ಚಿಕೊಂಡು ಅಗೆಯುತ್ತಿದ್ದಳು, ಆದರೆ ಒಂದು ಬೇರೂ ತುಂಡಾಗಲಿಲ್ಲ. ಮೊಣಕಾಲೆತ್ತರದ ಮರಿ, ಮೂರು ಮೊಗ್ಗು ಇದ್ದವು. ಮಣ್ಣಿನ ಗಡ್ಡೆಯ ಸಮೇತ ಖಾಲಿ ಎಣ್ಣೆ ಡಬ್ಬಕ್ಕೆ ಇಳಿಸಿ, ನೀರು ಹಾಕಿ, ನನ್ನ ಕಾಲ ಬುಡದಲ್ಲಿಟ್ಟಳು.

“ಇದು ಇನೆಸ್‌ಗೆ. ಅವಳನ್ನ ಚರ್ಚಿನಲ್ಲಿ ಎತ್ತಿಕೊಂಡೋಳು ನಾನು. ನಿನಗೆ ಒಂದು ಎಲೆನೂ ಕೊಟ್ಟಿಲ್ಲ, ತಿಳ್ಕೋ. ಮತ್ತೆ ಬಾಗಿಲಲ್ಲಿ ಕೇಳ್ತಾರಲ್ಲ, ಆಗ ಏನು ಹೇಳ್ತೀಯೋ ಕೇಳೋಕೆ ನಾನೂ ಬರ್ತೀನಿ.”

ಮದುವೆಯ ದಿನ ಚರ್ಚಿನಿಂದ ಲಾ ಪಾಲ್ಮಾಕ್ಕೆ ಬ್ಯಾಂಡಿನ ಹಿಂದೆ ನಡೆದೆವು. ಇನೆಸ್ ಬಿಳಿ ಉಡುಪಿನ ಮೇಲೆ ಆ ಡಬ್ಬ ಅಪ್ಪಿಕೊಂಡಿದ್ದಳು, ಎರಡು ಮೊಗ್ಗು ಬಿರಿದಿದ್ದವು. ಗಿಡಕ್ಕೆ ಬಿಸಿಲು ತಾಗದಂತೆ ಎಲಿಹಿಯೊ ದಾರಿಯುದ್ದಕ್ಕೂ ತನ್ನ ಟೋಪಿ ಹಿಡಿದು ಬಂದ. ಮರದ ಹೆಬ್ಬಾಗಿಲಲ್ಲಿ ದೋನ್ಯಾ ಕ್ಲೆಮೆನ್ಸಿಯಾ ಎರಡೂ ಕೈ ಚಾಚಿ ಅಡ್ಡ ನಿಂತಳು. ಬ್ಯಾಂಡು ನಿಂತಿತು.

“ಈ ವರ್ಷ ಹೂ ಬಿಟ್ಟಿತಾ?” ಅವಳು ಎರಡನೆಯ ಪ್ರಶ್ನೆಯನ್ನೇ ಮೊದಲು ಕೇಳಿದಳು. ನಮ್ಮ ಊರಿನ ಬೇಲಿಗಳ ಕತೆ ಅವಳ ಕಿವಿ ಮುಟ್ಟಿತ್ತೆಂದು ಗೊತ್ತಾಯಿತು.

“ಬಿಟ್ಟಿತು. ಕಣ್ಣಿಗೆ ಕಾಣ್ತಿದೆಯಲ್ಲ.”

“ಯಾರ ಗುಲಾಬಿ?”

ಗಿರಣಿಯ ಹೆಂಗಸರೆಲ್ಲ ಅಲ್ಲಿದ್ದರು. ಬ್ರಿಹಿದಾ ಎಲ್ಲರಿಗಿಂತ ಹಿಂದೆ, ಗೋಡೆಗೆ ಒರಗಿ, ತೋಳು ಕಟ್ಟಿ ನಿಂತಿದ್ದಳು. ಅವಳ ಎರಡೂ ಪಕ್ಕದಲ್ಲಿ ಜನ ಒಂದೊಂದು ಮಾರು ದೂರ ನಿಂತಿದ್ದರು. ಅದನ್ನು ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ. ಆ ಖಾಲಿ ಜಾಗ ನೋಡಿ ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ ಎಲಿಹಿಯೊನ ಮೇಲಿನ ಸಿಟ್ಟು ಏನೂ ಅಲ್ಲ ಅನ್ನಿಸಿತು.

“ಬ್ರಿಹಿದಾಳ ಗುಲಾಬಿ,” ಎಂದೆ.

“ಕೇಳಿಸ್ಲಿಲ್ಲ,” ಎಂದಳು ಬ್ರಿಹಿದಾ ಹಿಂದಿನಿಂದ.

“ಬ್ರಿಹಿದಾಳ ಗುಲಾಬಿ!” ನಾನು ಕೂಗಿದೆ. “ಅವಳಿಗೆ ನನ್ನ ಅಮ್ಮ ಕೈಯಾರೆ ಕೊಟ್ಟಿದ್ದು! ಅವಳು ಕದ್ದಿಲ್ಲ! ಅವತ್ತು ಸಂಜೆಯಿಂದಲೇ ನನಗೆ ಗೊತ್ತಿತ್ತು! ಸುಳ್ಳು ಹೇಳಿದ್ದು ನಾನು!”

ಹತ್ತೊಂಬತ್ತು ವರ್ಷ ಹಿಂದೆ ಗಿರಣಿಯಲ್ಲಿ ಕೂಗಿದ್ದೂ ಇದೇ ಗಂಟಲು. ಇದನ್ನೂ ಅಷ್ಟೇ ಜೋರಾಗಿ ಕೂಗಬೇಕಿತ್ತು. ದೋನ್ಯಾ ಕ್ಲೆಮೆನ್ಸಿಯಾ ಬಾಯಿ ತೆರೆದುಕೊಂಡು ನನ್ನನ್ನು ನೋಡಿದಳು, ಆಮೇಲೆ ಕೈ ಇಳಿಸಿ ದಾರಿ ಬಿಟ್ಟಳು. ಇನೆಸ್ ಗುಲಾಬಿ ಎತ್ತಿಕೊಂಡು ಹೊಸಿಲು ದಾಟಿದಳು. ನಾನು ತಿರುಗಿ ನೋಡಿದೆ. ಬ್ರಿಹಿದಾಳ ಪಕ್ಕದ ಖಾಲಿ ಜಾಗಕ್ಕೆ ಯಾರೂ ಇನ್ನೂ ಸರಿದಿರಲಿಲ್ಲ. ನಾನೇ ಹೋಗಿ ನಿಂತೆ. ಅವಳು ನನ್ನ ಕಡೆ ನೋಡಲಿಲ್ಲ. ದೂರವೂ ಸರಿಯಲಿಲ್ಲ.